ವಿಂಡೋಸ್ 11ಕ್ಕೆ ಡಿಸ್ಕ್‌ನಲ್ಲಿ ನಿಜವಾಗಿ ಎಷ್ಟು ಜಾಗ ಬೇಕು? ಅಂಗಡಿಯ ಎರಡು ಹಳೆಯ ಕಂಪ್ಯೂಟರ್‌ಗಳ ಬಗ್ಗೆ ಸಲಹೆ ಬೇಕಾಗಿದೆ

ಅಚ್ಚುಮನೆ_ದಾವಣಗೆರೆ

ಎಲ್ಲರಿಗೂ ನಮಸ್ಕಾರ. ದಾವಣಗೆರೆಯ ಮಂಡಿಪೇಟೆಯ ಬಳಿ ನಮ್ಮದೊಂದು ಸಣ್ಣ ಡಿಟಿಪಿ ಮತ್ತು ಮುದ್ರಣದ ಅಂಗಡಿ ಇದೆ. ಲಗ್ನಪತ್ರಿಕೆ, ಅಡತಿ ಅಂಗಡಿಗಳ ಪಟ್ಟಿ ಪುಸ್ತಕ, ಸಂಘಗಳ ರಸೀದಿ ಪುಸ್ತಕ, ದುಗ್ಗಮ್ಮನ ಜಾತ್ರೆಯ ವರ್ಷದಲ್ಲಿ ಕರಪತ್ರ ಮತ್ತು ಬ್ಯಾನರ್, ಇವು ನಮ್ಮ ಮುಖ್ಯ ಕೆಲಸ. ಅಂಗಡಿಯಲ್ಲಿ ಎರಡು ಕಂಪ್ಯೂಟರ್‌ಗಳಿವೆ, ಎರಡರಲ್ಲಿಯೂ 64 ಬಿಟ್‌ನ ವಿಂಡೋಸ್ 10 ಇದೆ. ಅದರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ ಮುಂದೇನು ಮಾಡಬೇಕೆಂದು ತಿಳಿದವರಿಂದ ಕೇಳಿಕೊಂಡೇ ಕೈಹಾಕೋಣ ಎಂದು ಇಲ್ಲಿ ಬರೆಯುತ್ತಿದ್ದೇನೆ.

ಮೊದಲನೆಯದು ವಿನ್ಯಾಸದ ಯಂತ್ರ. ಇಂಟೆಲ್ 4ನೇ ಪೀಳಿಗೆಯ ಐ5 ಪ್ರೊಸೆಸರ್, 8 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್‌ಡಿಸ್ಕ್. ಪುಟ ವಿನ್ಯಾಸದ ಹಳೆಯ ತಂತ್ರಾಂಶವಾದ ಪೇಜ್‌ಮೇಕರ್‌ನಲ್ಲಿ ನುಡಿ ಎಂಬ ಕನ್ನಡ ತಂತ್ರಾಂಶದ ಫಾಂಟ್‌ಗಳನ್ನು ಬಳಸಿ ಮಾಡಿದ ಹಲವು ವರ್ಷಗಳ ಕಡತಗಳೆಲ್ಲ ಇದರಲ್ಲಿವೆ. ಸಿ ಡ್ರೈವ್‌ನ ಒಟ್ಟು ಗಾತ್ರ 97 ಜಿಬಿ, ಅದರಲ್ಲಿ ಈಗ ಖಾಲಿ ಇರುವುದು 7 ಜಿಬಿ ಮಾತ್ರ.

ಎರಡನೆಯದು ಬಿಲ್ಲು ಮತ್ತು ಲೆಕ್ಕಪತ್ರದ ಯಂತ್ರ. 8ನೇ ಪೀಳಿಗೆಯ ಐ3, 4 ಜಿಬಿ ರ‍್ಯಾಮ್, 500 ಜಿಬಿ ಹಾರ್ಡ್‌ಡಿಸ್ಕ್. ಸಿ, ಡಿ, ಇ, ಎಫ್ ಎಂದು ನಾಲ್ಕು ಡ್ರೈವ್‌ಗಳಾಗಿ ಭಾಗ ಮಾಡಲಾಗಿದೆ. 8ನೇ ಪೀಳಿಗೆಗೆ ವಿಂಡೋಸ್ 11 ಬರುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಆದರೆ ಮೈಕ್ರೋಸಾಫ್ಟ್‌ನ ಪಿಸಿ ಹೆಲ್ತ್ ಚೆಕ್ ತಂತ್ರಾಂಶ ಈ ಯಂತ್ರವನ್ನೂ ಅನರ್ಹ ಎಂದೇ ತೋರಿಸುತ್ತಿದೆ. ಅದು ಕೊಡುವ ಕಾರಣಗಳು ಟಿಪಿಎಂ (ಭದ್ರತಾ ಕೀಲಿಗಳನ್ನು ಕಾಪಾಡುವ ಚಿಪ್) ಮತ್ತು ಸೆಕ್ಯೂರ್ ಬೂಟ್ (ನಂಬಲರ್ಹ ತಂತ್ರಾಂಶದಿಂದ ಮಾತ್ರ ಯಂತ್ರ ಶುರುವಾಗಲು ಬಿಡುವ ವ್ಯವಸ್ಥೆ).

ನನ್ನ ಪ್ರಶ್ನೆಗಳು ಹೀಗಿವೆ. ವಿಂಡೋಸ್ 11ರ ಅಗತ್ಯಗಳಲ್ಲಿ ಹೇಳಿರುವಂತೆ 64 ಜಿಬಿ ಬೇಕು ಎಂದರೆ ಸಿ ಡ್ರೈವ್‌ನಲ್ಲಿ 64 ಜಿಬಿ ಖಾಲಿ ಇರಬೇಕೆಂದು ಅರ್ಥವೇ? ಎರಡನೆಯ ಯಂತ್ರವನ್ನು ಅರ್ಹಗೊಳಿಸಲು ಸಾಧ್ಯವೇ? ಮೊದಲನೆಯದನ್ನು ಏನು ಮಾಡುವುದು?

ದುರ್ಗದ_ರಿಪೇರಿ

ನಮಸ್ಕಾರ ಸರ್. ಚಿತ್ರದುರ್ಗದಲ್ಲಿ ಕಂಪ್ಯೂಟರ್ ದುರಸ್ತಿಯ ಕೆಲಸ ಮಾಡುತ್ತೇನೆ. ಕಳೆದ ವರ್ಷದಿಂದ ನನ್ನ ಬಳಿಗೆ ಬರುವ ಯಂತ್ರಗಳಲ್ಲಿ ಹೆಚ್ಚಿನವು ನೀವು ಹೇಳಿದ ಎರಡನೆಯ ಯಂತ್ರದ ಸ್ಥಿತಿಯಲ್ಲಿಯೇ ಇರುತ್ತವೆ. ಆದ್ದರಿಂದ ಅದರ ಬಗ್ಗೆ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಮೊದಲು 64 ಜಿಬಿಯ ಮಾತು. ವಿಂಡೋಸ್ 11ರ ಅಧಿಕೃತ ಅಗತ್ಯಗಳಲ್ಲಿ ಹೇಳಿರುವ 64 ಜಿಬಿ ಶೇಖರಣೆಯ ಒಟ್ಟು ಗಾತ್ರವೇ ಹೊರತು ಖಾಲಿ ಜಾಗವಲ್ಲ. ಆ ಲೆಕ್ಕದಲ್ಲಿ ನಿಮ್ಮ ಮೊದಲ ಯಂತ್ರದ 97 ಜಿಬಿಯ ಸಿ ಡ್ರೈವ್ ಕೂಡ ಪಾಸಾಗುತ್ತದೆ. ಆದರೆ ಇರುವ ವಿಂಡೋಸ್ ಮೇಲೆಯೇ ಹೊಸದನ್ನು ಹಾಕುವಾಗ ಹಳೆಯದು ವಿಂಡೋಸ್ ಡಾಟ್ ಓಲ್ಡ್ ಎಂಬ ಫೋಲ್ಡರಿನಲ್ಲಿ ಹತ್ತು ದಿನ ಉಳಿದುಕೊಳ್ಳುತ್ತದೆ. ಹಿಂದಿನ ಆವೃತ್ತಿಗೆ ಮರಳಬೇಕೆನಿಸಿದರೆ ಅನುಕೂಲವಾಗಲಿ ಎಂದು ಮಾಡಿರುವ ವ್ಯವಸ್ಥೆ ಅದು. ಹೊಸದರ ಕಡತಗಳು, ಹಳೆಯದರ ಪ್ರತಿ, ಡೌನ್‌ಲೋಡ್ ಆದ ಸ್ಥಾಪನಾ ಕಡತಗಳು ಇವೆಲ್ಲವೂ ಅಷ್ಟು ದಿನ ಒಂದೇ ಡ್ರೈವ್‌ನಲ್ಲಿ ಇರಬೇಕಾಗುತ್ತದೆ. ಹೀಗಾಗಿ ಸಿ ಡ್ರೈವ್‌ನಲ್ಲಿ 40 ಜಿಬಿಯಷ್ಟಾದರೂ ಖಾಲಿ ಇಲ್ಲದೆ ನಾನು ಯಾರ ಯಂತ್ರಕ್ಕೂ ಈ ಕೆಲಸ ಆರಂಭಿಸುವುದಿಲ್ಲ. ಇದು ಕಂಪನಿಯ ನಿಯಮವಲ್ಲ, ನಾನು ಪಾಲಿಸುವ ಅಳತೆ.

ಜಾಗ ಬಿಡಿಸಿಕೊಳ್ಳಲು ಸುಲಭದ ದಾರಿಗಳೂ ಇವೆ. ಡಿಸ್ಕ್ ಕ್ಲೀನಪ್‌ನಲ್ಲಿ ಸಿಸ್ಟಂ ಕಡತಗಳನ್ನೂ ಆರಿಸಿದರೆ ಹಳೆಯ ಅಪ್‌ಡೇಟ್‌ಗಳ ಕಸ ಹೋಗುತ್ತದೆ. ತೆರೆದ ಕೆಲಸವನ್ನು ಡಿಸ್ಕ್‌ಗೆ ಉಳಿಸಿ ಯಂತ್ರ ಆರಿಸುವ ಹೈಬರ್ನೇಷನ್ ಸೌಲಭ್ಯದ ಕಡತ ಸಾಮಾನ್ಯವಾಗಿ ರ‍್ಯಾಮಿನ ಶೇಕಡಾ 40ರಷ್ಟು ಇರುತ್ತದೆ. ಆ ಸೌಲಭ್ಯ ಬಳಸದಿದ್ದರೆ ಅದನ್ನು ನಿಲ್ಲಿಸಿ 8 ಜಿಬಿ ರ‍್ಯಾಮಿನ ಯಂತ್ರದಲ್ಲಿ ಸುಮಾರು 3 ಜಿಬಿ ಉಳಿಸಬಹುದು. ಡೆಸ್ಕ್‌ಟಾಪ್ ಮೇಲೆ ಇಟ್ಟ ಕಡತಗಳು ಸಹ ಸಿ ಡ್ರೈವ್‌ನಲ್ಲಿಯೇ ಕೂರುತ್ತವೆ ಎಂಬುದನ್ನು ಬಹಳ ಮಂದಿ ಗಮನಿಸುವುದಿಲ್ಲ.

ಈಗ ಎರಡನೆಯ ಯಂತ್ರ. ಅದರ ಪ್ರೊಸೆಸರ್ ಬೆಂಬಲಿತ ಪಟ್ಟಿಯಲ್ಲಿದೆ. ಇಂಟೆಲ್‌ನಲ್ಲಿ 8ನೇ ಪೀಳಿಗೆಯಿಂದ ಮುಂದಿನವು, ಎಎಂಡಿಯಲ್ಲಿ ಬಹುಮಟ್ಟಿಗೆ ರೈಜನ್ 2000 ಸರಣಿಯಿಂದ ಮುಂದಿನವು ಸೇರುತ್ತವೆ. ಟಿಪಿಎಂ ಎಂದಾಕ್ಷಣ ಬೇರೆ ಚಿಪ್ ಕೊಂಡು ತರಬೇಕೆಂದು ತಿಳಿಯಬೇಡಿ. ಈ ಪೀಳಿಗೆಯ ಇಂಟೆಲ್ ಯಂತ್ರಗಳಲ್ಲಿ ಅದು ಪಿಟಿಟಿ ಎಂಬ ಹೆಸರಿನಲ್ಲಿ ಒಳಗೇ ಇರುತ್ತದೆ. ಜೋಡಿಸಿ ಮಾರಿದ ಯಂತ್ರಗಳಲ್ಲಿ ಅದನ್ನು ಬಯೋಸ್‌ನಲ್ಲಿ (ವಿಂಡೋಸ್‌ಗೂ ಮೊದಲು ತೆರೆಯುವ ಬೋರ್ಡ್‌ನ ಸೆಟ್ಟಿಂಗ್‌ಗಳಲ್ಲಿ) ಆನ್ ಮಾಡಿರುವುದಿಲ್ಲ, ಅಷ್ಟೇ. ಬಯೋಸ್‌ಗೆ ಹೋಗಿ ಪಿಟಿಟಿ ಆನ್ ಮಾಡಿದರೆ ಮೊದಲ ಅಡ್ಡಿ ನಿವಾರಣೆಯಾಗುತ್ತದೆ.

ನಿಜವಾದ ತೊಡಕು ಸೆಕ್ಯೂರ್ ಬೂಟ್‌ನದು, ಮತ್ತು ಅದರ ಬೇರು ಡಿಸ್ಕ್‌ನಲ್ಲಿದೆ. ಸೆಕ್ಯೂರ್ ಬೂಟ್ ಇರಬೇಕಾದರೆ ಯಂತ್ರ ಯುಇಎಫ್‌ಐ ಎಂಬ ಹೊಸ ವಿಧಾನದಲ್ಲಿ ಬೂಟ್ ಆಗಬೇಕು, ಅಂದರೆ ಶುರುವಾಗಬೇಕು. ಯುಇಎಫ್‌ಐನಲ್ಲಿ ವಿಂಡೋಸ್ ಬೂಟ್ ಆಗಲು ಡಿಸ್ಕನ್ನು ಭಾಗ ಮಾಡಿದ ಪಟ್ಟಿ ಜಿಪಿಟಿ ಎಂಬ ಹೊಸ ಮಾದರಿಯಲ್ಲಿ ಇರಬೇಕು. ನಿಮ್ಮ ಡಿಸ್ಕ್ ಬಹುಶಃ ಹಳೆಯ ಎಂಬಿಆರ್ ಮಾದರಿಯಲ್ಲಿದೆ. ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು, ಡಿಸ್ಕ್ 0 ಎಂಬುದರ ಮೇಲೆ ಬಲ ಗುಂಡಿ ಒತ್ತಿ, ಪ್ರಾಪರ್ಟೀಸ್‌ನ ವಾಲ್ಯೂಮ್ಸ್ ಪುಟದಲ್ಲಿ ಪಾರ್ಟಿಷನ್ ಶೈಲಿ ಯಾವುದೆಂದು ನೋಡಿ ತಿಳಿಸಿ.

ಎಂಬಿಆರ್ ಡಿಸ್ಕನ್ನು ಮಾಹಿತಿ ಅಳಿಯದಂತೆ ಜಿಪಿಟಿಗೆ ಬದಲಿಸಲು ಎಂಬಿಆರ್‌ಟುಜಿಪಿಟಿ ಎಂಬ ಸಾಧನ ವಿಂಡೋಸ್ 10ರಲ್ಲಿಯೇ ಇದೆ. ಆದರೆ ಡಿಸ್ಕ್‌ನಲ್ಲಿ ಮೂರಕ್ಕಿಂತ ಹೆಚ್ಚು ಪ್ರೈಮರಿ (ಮುಖ್ಯ) ಪಾರ್ಟಿಷನ್‌ಗಳಿದ್ದರೆ ಅಥವಾ ತನ್ನೊಳಗೆ ಇನ್ನಷ್ಟು ಡ್ರೈವ್‌ಗಳನ್ನು ಇಟ್ಟುಕೊಳ್ಳುವ ಎಕ್ಸ್‌ಟೆಂಡೆಡ್ ಪಾರ್ಟಿಷನ್ ಒಂದೇ ಒಂದು ಇದ್ದರೂ ಅದು ಕೆಲಸ ಮಾಡಲು ಒಪ್ಪುವುದಿಲ್ಲ. ಸಿ, ಡಿ, ಇ, ಎಫ್ ಎಂದು ಭಾಗ ಮಾಡಿದ ಎಂಬಿಆರ್ ಡಿಸ್ಕ್‌ಗಳಲ್ಲಿ ಕೊನೆಯ ಡ್ರೈವ್‌ಗಳು ಸಾಮಾನ್ಯವಾಗಿ ಎಕ್ಸ್‌ಟೆಂಡೆಡ್ ಒಳಗಿನ ಲಾಜಿಕಲ್ ಡ್ರೈವ್‌ಗಳೇ ಆಗಿರುತ್ತವೆ. ಆ ಡಿಸ್ಕ್ ಬದಲಾಗುವುದಿಲ್ಲ. ಅದನ್ನು ಬದಲಿಸಲು ಹೆಣಗುವುದಕ್ಕಿಂತ ಹೊಸ ಎಸ್‌ಎಸ್‌ಡಿ (ತಿರುಗುವ ಭಾಗಗಳಿಲ್ಲದ ವೇಗದ ಡಿಸ್ಕ್) ಹಾಕಿಸಿ, ಅದರ ಮೇಲೆ ಯುಇಎಫ್‌ಐ ವಿಧಾನದಲ್ಲಿ ವಿಂಡೋಸ್ 11 ಅನ್ನು ಹೊಸದಾಗಿ ಸ್ಥಾಪಿಸಿ, ಹಳೆಯ ಹಾರ್ಡ್‌ಡಿಸ್ಕನ್ನು ಕಡತಗಳ ಡಿಸ್ಕ್ ಆಗಿ ಉಳಿಸಿಕೊಳ್ಳುವುದು ಸರಿ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಹರಿಹರ_ಬಳಕೆದಾರ

ಇಷ್ಟೆಲ್ಲ ಬೇಕಾಗಿಲ್ಲ ಎಂದು ನನಗೆ ಅನಿಸುತ್ತದೆ. ರೂಫಸ್ ಎಂಬ ಉಚಿತ ತಂತ್ರಾಂಶದಿಂದ ಪೆನ್‌ಡ್ರೈವ್ ತಯಾರಿಸುವಾಗ ಟಿಪಿಎಂ, ಸೆಕ್ಯೂರ್ ಬೂಟ್ ಮತ್ತು ರ‍್ಯಾಮ್ ತಪಾಸಣೆಗಳನ್ನು ತೆಗೆದುಹಾಕುವ ಆಯ್ಕೆ ಇದೆ. 8 ಜಿಬಿಯ ಪೆನ್‌ಡ್ರೈವ್ ಸಾಕು. 4ನೇ ಪೀಳಿಗೆಯ ಯಂತ್ರಗಳಲ್ಲಿಯೂ ಹೀಗೆ ವಿಂಡೋಸ್ 11 ಹಾಕಿದವರನ್ನು ನಾನು ಬಲ್ಲೆ. ಚೆನ್ನಾಗಿಯೇ ನಡೆಯುತ್ತಿದೆ.

ವಿದ್ಯಾನಗರ_ಲ್ಯಾಬ್

ಹರಿಹರದವರು ಹೇಳಿದ್ದು ತಾಂತ್ರಿಕವಾಗಿ ಸಾಧ್ಯ. ಆದರೂ ಅಂಗಡಿಯ ಯಂತ್ರಕ್ಕೆ ಈ ದಾರಿಯನ್ನು ನಾನು ಒಪ್ಪಲಾರೆ. ದಾವಣಗೆರೆಯ ಕಾಲೇಜೊಂದರ ಲ್ಯಾಬ್ ನೋಡಿಕೊಳ್ಳುವ ಕೆಲಸ ನನ್ನದು. ನಮ್ಮಲ್ಲಿಯೂ ಇದೇ ಚರ್ಚೆ ನಡೆದು, ಪಟ್ಟಿಯಲ್ಲಿಲ್ಲದ ಯಂತ್ರಗಳಿಗೆ ಹಾಕಬಾರದು ಎಂದು ತೀರ್ಮಾನಿಸಿದೆವು.

ಕಾರಣ ಇಷ್ಟು. ಅಗತ್ಯಗಳನ್ನು ಪೂರೈಸದ ಯಂತ್ರಕ್ಕೆ ಭದ್ರತಾ ಅಪ್‌ಡೇಟ್‌ಗಳು ಬರುತ್ತವೆ ಎಂಬ ಭರವಸೆಯನ್ನು ಮೈಕ್ರೋಸಾಫ್ಟ್ ಕೊಡುವುದಿಲ್ಲ. ನಾವು ವಿಂಡೋಸ್ 10 ಬಿಡುತ್ತಿರುವುದೇ ಅಪ್‌ಡೇಟ್ ನಿಂತುಹೋಗಿರುವ ಕಾರಣಕ್ಕೆ, ಅಪ್‌ಡೇಟ್‌ನ ಭರವಸೆಯಿಲ್ಲದ ಇನ್ನೊಂದು ಸ್ಥಿತಿಗೆ ಹೋದರೆ ಪಟ್ಟ ಶ್ರಮ ವ್ಯರ್ಥ. ಇಂದು ನಡೆಯುವ ಯಂತ್ರ ಮುಂದಿನ ಆವೃತ್ತಿಯಲ್ಲಿ ನಡೆಯಲಿಕ್ಕಿಲ್ಲ ಎಂಬುದಕ್ಕೆ ಉದಾಹರಣೆಯೂ ಇದೆ. ವಿಂಡೋಸ್ 11ರ 24ಎಚ್2 ಆವೃತ್ತಿ ಬಂದಾಗ ಎಸ್‌ಎಸ್‌ಇ 4.2 ಎಂಬ ಪ್ರೊಸೆಸರ್ ಸೂಚನೆಗಳಿಲ್ಲದ ಬಹಳ ಹಳೆಯ ಪ್ರೊಸೆಸರ್‌ಗಳಲ್ಲಿ ಅದು ಬೂಟ್ ಆಗುವುದೇ ನಿಂತಿತು. ಅದಕ್ಕಿಂತ ಹಿಂದಿನ ಆವೃತ್ತಿಗಳು ಅದೇ ಯಂತ್ರಗಳಲ್ಲಿ ತಪಾಸಣೆ ತಪ್ಪಿಸಿ ನಡೆಯುತ್ತಿದ್ದವು. 4ನೇ ಪೀಳಿಗೆಯ ಐ5ಗೆ ಆ ಸೂಚನೆಗಳಿವೆ, ಆದ್ದರಿಂದ ಅದು ಇಂದು ನಡೆಯುತ್ತಿದೆ. ಮುಂದಿನ ಬದಲಾವಣೆ ಯಾವ ಪೀಳಿಗೆಗೆ ತಾಗುತ್ತದೆ ಎಂಬುದು ಬಳಕೆದಾರನ ಕೈಯಲ್ಲಿಲ್ಲ. ಮದುವೆಗಳ ಸುಗ್ಗಿಯಲ್ಲಿ ಗಿರಾಕಿ ಎದುರು ನಿಂತಿರುವಾಗ ಯಂತ್ರ ಕೈಕೊಟ್ಟರೆ ಆಗುವ ನಷ್ಟವನ್ನು ಮನೆಯಲ್ಲಿ ಪ್ರಯೋಗಕ್ಕೆ ಇಟ್ಟ ಯಂತ್ರದೊಂದಿಗೆ ಹೋಲಿಸಲಾಗದು.

ವಿನ್ಯಾಸದ ಯಂತ್ರಕ್ಕೆ ಸದ್ಯಕ್ಕೆ ವಿಂಡೋಸ್ 10 ಇರಲಿ ಎಂದೇ ನಾನು ಹೇಳುವೆ. ಸ್ವಂತ ಬಳಕೆಯ ಯಂತ್ರಗಳಿಗೆ ವಿಸ್ತರಿತ ಭದ್ರತಾ ಅಪ್‌ಡೇಟ್ ಯೋಜನೆಯನ್ನು 2026ರ ಅಕ್ಟೋಬರ್ 13ರವರೆಗೆ ಘೋಷಿಸಲಾಗಿದೆ. ವಿಂಡೋಸ್ 10ರ 22ಎಚ್2 ಆವೃತ್ತಿ ಇರಬೇಕು, ಮೈಕ್ರೋಸಾಫ್ಟ್ ಖಾತೆ ಬೇಕು. ಸೆಟ್ಟಿಂಗ್‌ಗಳನ್ನು ಆ ಖಾತೆಗೆ ಸಿಂಕ್ ಮಾಡಿದರೆ ಹಣ ಕೊಡಬೇಕಾಗಿಲ್ಲ, ಇಲ್ಲವಾದರೆ 30 ಡಾಲರ್ ಅಥವಾ 1000 ರಿವಾರ್ಡ್ಸ್ ಅಂಕಗಳು. ಸಂಸ್ಥೆಗಳಿಗೆ ಬೇರೆಯೇ ಯೋಜನೆ ಇದ್ದು, ಮೊದಲ ವರ್ಷಕ್ಕೆ ಯಂತ್ರವೊಂದಕ್ಕೆ 61 ಡಾಲರ್ ಎಂದು ನಿಗದಿಪಡಿಸಿದ್ದಾರೆ. ನಿಮ್ಮ ಅಂಗಡಿಯ ಯಂತ್ರ ಯಾವುದರಡಿ ಬರುತ್ತದೆ ಎಂಬುದನ್ನು ನಿಯಮಗಳನ್ನು ಓದಿ ನಿರ್ಧರಿಸಿ.

ಆ ಗಡುವು ಮುಗಿದ ಮೇಲೆಯೂ ಪೇಜ್‌ಮೇಕರ್‌ಗಾಗಿ ಆ ಯಂತ್ರವನ್ನು ಇಟ್ಟುಕೊಳ್ಳಬಹುದು, ಇಂಟರ್ನೆಟ್ ಸಂಪರ್ಕ ತೆಗೆದುಬಿಟ್ಟರೆ ಸಾಕು. ಪುಟ ವಿನ್ಯಾಸಕ್ಕೆ ಇಂಟರ್ನೆಟ್ ಬೇಕಿಲ್ಲ. ಗಿರಾಕಿಗಳು ತರುವ ಪೆನ್‌ಡ್ರೈವ್‌ಗಳನ್ನು ಮಾತ್ರ ಮೊದಲು ವಿಂಡೋಸ್ 11ರ ಯಂತ್ರದಲ್ಲಿ ಸ್ಕ್ಯಾನ್ ಮಾಡಿ, ಅನಂತರವೇ ಇದಕ್ಕೆ ಚುಚ್ಚುವ ಪದ್ಧತಿಯನ್ನು ಕಡ್ಡಾಯ ಮಾಡಿಕೊಳ್ಳಿ.

ಅಚ್ಚುಮನೆ_ದಾವಣಗೆರೆ

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಕೃತಜ್ಞತೆಗಳು. ದುರ್ಗದ ಸರ್ ಹೇಳಿದಂತೆ ನೋಡಿದೆ. ಎರಡೂ ಡಿಸ್ಕ್‌ಗಳು ಎಂಬಿಆರ್ ಮಾದರಿಯವೇ. ಲೆಕ್ಕದ ಯಂತ್ರದಲ್ಲಿ ಇ ಮತ್ತು ಎಫ್ ಡ್ರೈವ್‌ಗಳ ಸುತ್ತ ಹಸಿರು ಚೌಕಟ್ಟು ಕಾಣುತ್ತಿದೆ, ಅಂದರೆ ಅವು ಲಾಜಿಕಲ್ ಡ್ರೈವ್‌ಗಳು ಎಂದು ಅರ್ಥಮಾಡಿಕೊಂಡಿದ್ದೇನೆ. ಹಾಗಾಗಿ ಹೊಸ ಎಸ್‌ಎಸ್‌ಡಿಯ ದಾರಿಯನ್ನೇ ಹಿಡಿಯುತ್ತೇನೆ.

ಇನ್ನೂ ಎರಡು ವಿಷಯಗಳು. ವಿನ್ಯಾಸದ ಯಂತ್ರ ಬಹಳ ನಿಧಾನವಾಗಿದೆ, ವಿಂಡೋಸ್ 10ರಲ್ಲಿಯೇ ಉಳಿಯುವುದಾದರೂ ಅದಕ್ಕೂ ಎಸ್‌ಎಸ್‌ಡಿ ಹಾಕಿಸುವುದರಿಂದ ಪ್ರಯೋಜನವಿದೆಯೇ, ಇದ್ದರೆ ಎಷ್ಟು ಜಿಬಿಯದು? ವಿಂಡೋಸ್ ಬದಲು ಲಿನಕ್ಸ್ ಎಂಬ ಉಚಿತ ಕಾರ್ಯಾಚರಣಾ ವ್ಯವಸ್ಥೆ ಹಾಕಿದರೆ ಹಳೆಯ ಯಂತ್ರಕ್ಕೆ ಈ ಯಾವ ನಿರ್ಬಂಧವೂ ಇರುವುದಿಲ್ಲ ಎಂದು ಒಬ್ಬರು ಹೇಳಿದರು. ಅದರಲ್ಲಿ ನುಡಿ ಕಡತಗಳು ತೆರೆಯುತ್ತವೆಯೇ?

ಹೊಳಲ್ಕೆರೆ_ಮೇಷ್ಟ್ರು

ಲಿನಕ್ಸ್ ಬಗ್ಗೆ ನಾನು ಉತ್ತರಿಸುತ್ತೇನೆ. ನಮ್ಮ ಶಾಲೆಯ ಹಳೆಯ ಯಂತ್ರಗಳಲ್ಲಿ ಲಿನಕ್ಸ್ ಮಿಂಟ್ ಬಳಸುತ್ತಿದ್ದೇವೆ, ಮಕ್ಕಳು ಅದರಲ್ಲಿಯೇ ಕನ್ನಡ ಟೈಪಿಂಗ್ ಕಲಿಯುತ್ತಿದ್ದಾರೆ.

ಅಗತ್ಯಗಳ ಮಟ್ಟಿಗೆ ನಿಮಗೆ ಹೇಳಿದವರ ಮಾತು ಸರಿ. ಮಿಂಟ್ 22ಕ್ಕೆ ಕನಿಷ್ಠ 2 ಜಿಬಿ ರ‍್ಯಾಮ್ ಮತ್ತು 20 ಜಿಬಿ ಡಿಸ್ಕ್ ಬೇಕು, ಆರಾಮವಾಗಿ ಬಳಸಲು 4 ಜಿಬಿ ರ‍್ಯಾಮ್ ಮತ್ತು 100 ಜಿಬಿ ಡಿಸ್ಕ್ ಇರಲಿ ಎಂದು ಅವರೇ ಹೇಳುತ್ತಾರೆ. ಲಿನಕ್ಸ್‌ನ ಇನ್ನೊಂದು ರೂಪವಾದ ಉಬುಂಟು 24.04ಕ್ಕೆ 4 ಜಿಬಿ ರ‍್ಯಾಮ್, 25 ಜಿಬಿ ಡಿಸ್ಕ್. ಟಿಪಿಎಂ ಬೇಕಿಲ್ಲ, ಎಂಬಿಆರ್ ಡಿಸ್ಕ್ ಆದರೂ ನಡೆಯುತ್ತದೆ. ಎರಡಕ್ಕೂ 2029ರವರೆಗೆ ಅಪ್‌ಡೇಟ್‌ಗಳಿವೆ. ನಿಮ್ಮ ಐ5 ಯಂತ್ರ ಈ ಲೆಕ್ಕದಲ್ಲಿ ಬಹಳ ಸಮರ್ಥವಾದ ಯಂತ್ರ.

ಕನ್ನಡ ಟೈಪಿಂಗ್‌ಗೂ ತೊಂದರೆಯಿಲ್ಲ. ಐಬಸ್ ಮತ್ತು ಎಂ17ಎನ್ ಪ್ಯಾಕೇಜ್‌ಗಳನ್ನು ಹಾಕಿಕೊಂಡರೆ ನುಡಿಯಲ್ಲಿ ಬಳಸುವ ಕೆಜಿಪಿ ಕೀಲಿಮಣೆ ವಿನ್ಯಾಸವೇ ಸಿಗುತ್ತದೆ, ಬೆರಳುಗಳ ಅಭ್ಯಾಸ ಬದಲಾಗಬೇಕಿಲ್ಲ. ಆದರೆ ಅದರಿಂದ ಮೂಡುವುದು ಯೂನಿಕೋಡ್ ಅಕ್ಷರ, ಅಂದರೆ ಎಲ್ಲ ಯಂತ್ರಗಳಿಗೂ ಒಂದೇ ಆದ ಸಂಕೇತದ ಅಕ್ಷರ. ನಿಮ್ಮ ಲಗ್ನಪತ್ರಿಕೆಯ ಹಳೆಯ ಕಡತಗಳು ಪೇಜ್‌ಮೇಕರ್‌ನವು, ಪೇಜ್‌ಮೇಕರ್‌ಗೆ ಯೂನಿಕೋಡ್ ತಿಳಿಯದು, ಆದ್ದರಿಂದ ಅವೆಲ್ಲ ಇಂಗ್ಲಿಷ್ ಅಕ್ಷರಗಳ ಸಂಕೇತದ ಜಾಗದಲ್ಲಿ ಕನ್ನಡ ತೋರಿಸುವ ಹಳೆಯ ಆಸ್ಕಿ ಫಾಂಟ್‌ಗಳಲ್ಲಿಯೇ ಇರುತ್ತವೆ. ಲಿನಕ್ಸ್‌ಗೆ ಪೇಜ್‌ಮೇಕರ್ ಇಲ್ಲ. ವರ್ಡ್‌ನಲ್ಲಿ ಮಾಡಿದ ನುಡಿ ಕಡತಗಳಾದರೆ ಆ ಫಾಂಟ್‌ಗಳನ್ನು ಲಿನಕ್ಸ್‌ನಲ್ಲಿ ಹಾಕಿಕೊಂಡು ಲಿಬ್ರೆಆಫೀಸ್‌ನಲ್ಲಿ ತೆರೆದು ಓದಬಹುದು, ಪುಟದ ಜೋಡಣೆ ಅಲ್ಲಲ್ಲಿ ಸರಿಯಬಹುದು.

ಲಿನಕ್ಸ್ ಮೇಲೆ ನನಗೆ ಬಹಳ ಪ್ರೀತಿ ಇದೆ, ಶಾಲೆಗಳಿಗೆ ಅದಕ್ಕಿಂತ ಒಳ್ಳೆಯದು ಇಲ್ಲವೆಂದೇ ನಂಬಿದ್ದೇನೆ. ಆದರೂ ನಿಮ್ಮ ವಿನ್ಯಾಸದ ಯಂತ್ರಕ್ಕೆ ಅದನ್ನು ಸೂಚಿಸಲಾರೆ. ಆ ಯಂತ್ರದ ಬೆಲೆ ಅದರೊಳಗಿನ ಕಡತಗಳಲ್ಲಿದೆ.

ದುರ್ಗದ_ರಿಪೇರಿ

ಮೇಷ್ಟ್ರ ಮಾತಿಗೆ ನನ್ನ ಸಹಮತವಿದೆ. ಎಸ್‌ಎಸ್‌ಡಿಯ ಪ್ರಶ್ನೆಗೆ ಬರುತ್ತೇನೆ.

ವಿನ್ಯಾಸದ ಯಂತ್ರಕ್ಕೆ ಖಂಡಿತ ಹಾಕಿಸಿ. ಪ್ರೊಸೆಸರ್ ಮತ್ತು ರ‍್ಯಾಮ್ ಇನ್ನೂ ಸಾಕಷ್ಟಿವೆ, ನಿಧಾನವಾಗಿರುವುದು ಹಾರ್ಡ್‌ಡಿಸ್ಕ್. ಹಾರ್ಡ್‌ಡಿಸ್ಕ್ ಸೆಕೆಂಡಿಗೆ ನೂರರಿಂದ ನೂರೈವತ್ತು ಎಂಬಿಯಷ್ಟು ಓದಿದರೆ ಸಾಟಾ ಎಸ್‌ಎಸ್‌ಡಿ ಐನೂರು ದಾಟುತ್ತದೆ. ಅದಕ್ಕಿಂತ ಮುಖ್ಯವಾಗಿ, ಚದುರಿದ ಸಣ್ಣ ಕಡತಗಳನ್ನು ಹುಡುಕಿ ಓದುವಾಗ ಹಾರ್ಡ್‌ಡಿಸ್ಕ್‌ನ ಸೂಜಿ ಅತ್ತಿತ್ತ ಓಡಾಡಬೇಕಾದ ಹೊತ್ತು ಇಲ್ಲಿ ಇರುವುದಿಲ್ಲ. ವಿಂಡೋಸ್ ಶುರುವಾಗುವಾಗ ನಡೆಯುವುದು ಬಹುಪಾಲು ಅದೇ ಕೆಲಸ. ಕೊಳ್ಳುವಾಗ ಎರಡೂವರೆ ಇಂಚಿನ ಸಾಟಾ ಮಾದರಿಯನ್ನೇ ಕೇಳಿ. ಎಂ.2 ಎನ್‌ವಿಎಂಇ ಎಂಬ ಇನ್ನೊಂದು ಬಗೆಯ ಎಸ್‌ಎಸ್‌ಡಿ ವೇಗವಾಗಿದೆಯೆಂದು ಅಂಗಡಿಯಲ್ಲಿ ತೋರಿಸಿದರೂ 4ನೇ ಪೀಳಿಗೆಯ ಬೋರ್ಡ್‌ಗಳಲ್ಲಿ ಸಾಮಾನ್ಯವಾಗಿ ಅದಕ್ಕೆ ಜಾಗವಿರುವುದಿಲ್ಲ, ಜಾಗ ಮಾಡಿಕೊಟ್ಟರೂ ಅದರಿಂದ ಬೂಟ್ ಆಗುವುದು ಕಷ್ಟ.

ಲೆಕ್ಕದ ಯಂತ್ರಕ್ಕೆ ಇನ್ನೊಂದು 4 ಜಿಬಿ ಡಿಡಿಆರ್4 ರ‍್ಯಾಮನ್ನೂ ಸೇರಿಸಿ. 4 ಜಿಬಿಯಲ್ಲಿ ವಿಂಡೋಸ್ 11 ಹತ್ತುತ್ತದೆ, ಆದರೆ ಬ್ರೌಸರ್ ಮತ್ತು ಟ್ಯಾಲಿ ಒಟ್ಟಿಗೆ ತೆರೆದ ಕೂಡಲೇ ರ‍್ಯಾಮ್ ಸಾಲದೆ ಡಿಸ್ಕ್ ಮೇಲೆ ಭಾರ ಬೀಳುತ್ತದೆ.

ಕೆಲಸದ ಕ್ರಮದಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ಒತ್ತಿ ಹೇಳುವುದು ಬ್ಯಾಕಪ್ ಬಗ್ಗೆ. ಡಿ, ಇ ಡ್ರೈವ್‌ಗಳ ಕಡತಗಳನ್ನು ಎಲ್ಲರೂ ನಕಲು ಮಾಡಿಕೊಳ್ಳುತ್ತಾರೆ. ಮರೆಯುವುದು ಸಿ ಡ್ರೈವ್‌ನಲ್ಲಿ ಕಣ್ಣಿಗೆ ಬೀಳದೆ ಇರುವುದನ್ನು. ವಿಂಡೋಸ್‌ನ ಫಾಂಟ್ಸ್ ಫೋಲ್ಡರಿನಲ್ಲಿರುವ ನುಡಿ ಮತ್ತು ಇತರ ಕನ್ನಡ ಫಾಂಟ್‌ಗಳು, ಡೆಸ್ಕ್‌ಟಾಪ್, ಡೌನ್‌ಲೋಡ್ಸ್, ಬ್ರೌಸರಿನಲ್ಲಿ ಉಳಿಸಿದ ಪಾಸ್‌ವರ್ಡ್‌ಗಳು, ಟ್ಯಾಲಿಯ ಡೇಟಾ ಫೋಲ್ಡರ್ ಇವನ್ನು ಒಂದೊಂದಾಗಿ ನೋಡಿ ತೆಗೆದಿಡಿ. ಹಳೆಯ ಫಾಂಟ್‌ನ ಅದೇ ಆವೃತ್ತಿ ಮತ್ತೆ ಸಿಗದಿದ್ದರೆ ಅಕ್ಷರದ ಅಗಲದಲ್ಲಿ ಕೂದಲೆಳೆಯ ವ್ಯತ್ಯಾಸವಾದರೂ ಲಗ್ನಪತ್ರಿಕೆಯ ಸಾಲು ಒಡೆಯುತ್ತದೆ ಎಂಬುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಟ್ಯಾಲಿ ಲೈಸೆನ್ಸನ್ನು ಹಳೆಯ ವಿಂಡೋಸ್‌ನಲ್ಲಿಯೇ ಸರೆಂಡರ್ ಮಾಡಿದ ಮೇಲೆ ಹೊಸದರಲ್ಲಿ ಸಕ್ರಿಯಗೊಳಿಸಿ. ಪ್ರಿಂಟರ್ ಮತ್ತು ಸ್ಕ್ಯಾನರ್‌ಗೆ ವಿಂಡೋಸ್ 11ರ ಡ್ರೈವರ್ ಸಿಗುತ್ತದೆಯೇ ಎಂದು ಮೊದಲೇ ಪರೀಕ್ಷಿಸಿ.

ಹೊಸ ಎಸ್‌ಎಸ್‌ಡಿಗೆ ಸ್ಥಾಪಿಸುವಾಗ ಹಳೆಯ ಹಾರ್ಡ್‌ಡಿಸ್ಕ್‌ನ ಕೇಬಲ್ ಬಿಚ್ಚಿಡಿ. ಎರಡೂ ಜೋಡಿಸಿರುವಾಗ ತಪ್ಪಿ ಹಳೆಯದನ್ನು ಆರಿಸಿ ಫಾರ್ಮ್ಯಾಟ್ ಮಾಡಿದರೆ ಕಡತಗಳು ಹೋಗುತ್ತವೆ. ಬಯೋಸ್‌ನಲ್ಲಿ ಲೆಗಸಿ ಅಥವಾ ಸಿಎಸ್‌ಎಂ ಎಂಬ ಹಳೆಯ ಬೂಟ್ ವಿಧಾನವನ್ನು ನಿಲ್ಲಿಸಿ, ಪಿಟಿಟಿ ಮತ್ತು ಸೆಕ್ಯೂರ್ ಬೂಟ್ ಆನ್ ಮಾಡಿ, ಆಮೇಲೆ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ. ಯುಪಿಎಸ್ ಇರಲಿ. ಬೆಸ್ಕಾಂ ನಿರ್ವಹಣೆಗಾಗಿ ಕರೆಂಟು ತೆಗೆಯುತ್ತೇವೆಂದು ಪ್ರಕಟಿಸಿದ ದಿನ ಈ ಕೆಲಸ ಬೇಡ.

ವಿದ್ಯಾನಗರ_ಲ್ಯಾಬ್

ಒಂದು ಮಾತು ಸೇರಿಸುತ್ತೇನೆ. 24ಎಚ್2 ಆವೃತ್ತಿಯಿಂದ ಹೊಸದಾಗಿ ಸ್ಥಾಪಿಸಿ ಮೈಕ್ರೋಸಾಫ್ಟ್ ಖಾತೆಯಿಂದ ಪ್ರವೇಶಿಸಿದರೆ ಅನೇಕ ಯಂತ್ರಗಳಲ್ಲಿ ಡಿಸ್ಕ್ ಗೂಢಲಿಪೀಕರಣ ತಾನಾಗಿಯೇ ಆನ್ ಆಗುತ್ತದೆ. ಅದರ ರಿಕವರಿ ಕೀ 48 ಅಂಕಿಗಳದು, ಖಾತೆಯಲ್ಲಿ ಉಳಿಯುತ್ತದೆ. ಮುಂದೆ ಬಯೋಸ್ ಬದಲಿಸಿದಾಗಲೋ ಬೋರ್ಡ್ ಕೆಟ್ಟಾಗಲೋ ಆ ಕೀ ಕೇಳಿದರೆ ಅದಿಲ್ಲದೆ ಡಿಸ್ಕ್ ತೆರೆಯುವ ದಾರಿಯೇ ಇರುವುದಿಲ್ಲ. ಸ್ಥಾಪನೆಯಾದ ದಿನವೇ ಅದನ್ನು ಕಾಗದದ ಮೇಲೆ ಮುದ್ರಿಸಿ ಅಂಗಡಿಯ ದಾಖಲೆಗಳ ಜೊತೆ ಇಡಿ. ಖಾತೆ ಅಂಗಡಿಯ ಮಾಲೀಕರ ಹೆಸರಿನಲ್ಲಿ ಇರಲಿ, ಸ್ಥಾಪಿಸಿಕೊಟ್ಟವರ ಖಾತೆಯಲ್ಲಿ ಬೇಡವೇ ಬೇಡ.

ಅಚ್ಚುಮನೆ_ದಾವಣಗೆರೆ

ಎಲ್ಲವನ್ನೂ ಬರೆದಿಟ್ಟುಕೊಂಡಿದ್ದೇನೆ. ಗಾತ್ರದ ಬಗ್ಗೆ ಮಾತ್ರ ಉತ್ತರ ಉಳಿದಿದೆ, 256 ಸಾಕೇ ಅಥವಾ 512 ಬೇಕೇ?

ದುರ್ಗದ_ರಿಪೇರಿ

256 ಜಿಬಿ ಎಂದು ಬರೆದ ಎಸ್‌ಎಸ್‌ಡಿಯನ್ನು ವಿಂಡೋಸ್ 238 ಜಿಬಿ ಎಂದು ತೋರಿಸುತ್ತದೆ, ಎಣಿಸುವ ವಿಧಾನ ಬೇರೆಯಾಗಿರುವುದೇ ಕಾರಣ, ಮೋಸವಲ್ಲ. ಲೆಕ್ಕದ ಯಂತ್ರದಲ್ಲಿ ವಿಂಡೋಸ್, ಅದು ಅಪ್‌ಡೇಟ್‌ಗಾಗಿ ಕಾದಿರಿಸಿಕೊಳ್ಳುವ ಸುಮಾರು 7 ಜಿಬಿ, ಟ್ಯಾಲಿ, ಆಫೀಸ್ ಎಲ್ಲ ಸೇರಿದರೂ ನೂರು ಜಿಬಿಯೊಳಗೆ ಮುಗಿಯುತ್ತದೆ. ಮುಂದೆ ಬರುವ ದೊಡ್ಡ ಅಪ್‌ಡೇಟ್‌ಗಳಿಗೂ ಜಾಗ ಉಳಿಯುತ್ತದೆ, ಆದ್ದರಿಂದ ಅದಕ್ಕೆ 256 ಸಾಕು. ಇಡೀ ಡಿಸ್ಕನ್ನು ಒಂದೇ ಸಿ ಡ್ರೈವ್ ಆಗಿ ಬಿಡಿ, ಮತ್ತೆ ನಾಲ್ಕು ಭಾಗ ಮಾಡಿಸಬೇಡಿ.

ವಿನ್ಯಾಸದ ಯಂತ್ರಕ್ಕೆ 512 ತೆಗೆದುಕೊಳ್ಳಿ. ಬ್ಯಾನರ್‌ಗಳ ಚಿತ್ರಗಳನ್ನು ತಿದ್ದುವಾಗ ತಂತ್ರಾಂಶಗಳು ಬಳಸುವ ತಾತ್ಕಾಲಿಕ ಕಡತಗಳೇ ಒಮ್ಮೊಮ್ಮೆ ಹತ್ತಾರು ಜಿಬಿ ಆಗುತ್ತವೆ, ಚಾಲ್ತಿಯಲ್ಲಿರುವ ಕೆಲಸಗಳ ಕಡತಗಳೂ ಎಸ್‌ಎಸ್‌ಡಿಯಲ್ಲಿಯೇ ಇರಬೇಕು. ಮುಗಿದ ಕೆಲಸಗಳನ್ನು ಹಳೆಯ 1 ಟಿಬಿ ಡಿಸ್ಕ್‌ಗೆ ಸಾಗಿಸಿ, ಆದರೆ ಅದಕ್ಕೂ ವಯಸ್ಸಾಗಿರುವುದರಿಂದ ಅವುಗಳ ಇನ್ನೊಂದು ಪ್ರತಿಯನ್ನು ಹೊರಗಿನ ಯುಎಸ್‌ಬಿ ಡಿಸ್ಕ್‌ನಲ್ಲಿ ಇಟ್ಟು, ಆ ಡಿಸ್ಕನ್ನು ಅಂಗಡಿಯಲ್ಲಲ್ಲದೆ ಮನೆಯಲ್ಲಿ ಇರಿಸಿ.